ಆ ಕಲ್ಲನ್ನು ಅಲ್ಲೇ ಇರಲು ಬಿಡಿ: ಪುಣೆಯ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ಪುಣೆಯಲ್ಲಿರುವ ಕನ್ನಡದ ಬಂಧುಗಳೇ, ಅದರಲ್ಲೂ ನಮ್ಮ ಸೊಸೈಟಿಯ ಅಣ್ಣ-ತಮ್ಮಂದಿರೇ, ಅಕ್ಕ-ತಂಗಿಯರೇ,

ನಮಸ್ಕಾರ.

ಹೋದ ಭಾನುವಾರದ ಸಭೆಯಲ್ಲಿ ನಾನು ಬಾಯಿ ಬಿಡಲಿಲ್ಲ. ಎಲ್ಲರೂ ಜೋರಾಗಿ ಮರಾಠಿಯಲ್ಲಿ ಮಾತಾಡುವಾಗ ನನಗೆ ಮಾತು ಬೇಗ ಹೊರಡುವುದಿಲ್ಲ. ಆಮೇಲೆ ಎರಡು ರಾತ್ರಿ ನಿದ್ದೆ ಬರಲಿಲ್ಲ. ಆವತ್ತು ಹೇಳಬೇಕಾಗಿದ್ದನ್ನು ಈಗ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ವಿಷಯ ನಿಮಗೆ ಗೊತ್ತೇ ಇದೆ. ಹಿಂದಿನ ಗೇಟಿನ ಪಕ್ಕ ಒಂದು ಅತ್ತಿ ಮರ. ಅದರ ಬುಡದಲ್ಲಿ ಸಿಂಧೂರ ಬಳಿದ ಒಂದು ಕಲ್ಲು. ಅದು ಮ್ಹಸೋಬಾ, ಈ ಕಡೆಯ ಹೊಲದ ದೇವರು. ಈ ಜಾಗ ಹೊಲವಾಗಿದ್ದ ಕಾಲದಿಂದ ಅಲ್ಲೇ ಇದೆ. ಪಾರ್ಕಿಂಗ್ ಸಾಲುತ್ತಿಲ್ಲ, ಮರ ತೆಗೆಸೋಣ, ಮುಂದಿನ ಗೇಟಿನ ಹತ್ತಿರ ಟೈಲ್ಸ್ ಹಾಕಿದ ಗುಡಿ ಕಟ್ಟೋಣ, ಅದರಲ್ಲಿ ಅಮೃತಶಿಲೆಯ ಚೆಂದದ ಮೂರ್ತಿ ಇಡೋಣ, ಹಳೇ ಕಲ್ಲನ್ನು ನದಿಗೆ ಬಿಡೋಣ ಎಂದು ಠರಾವು ಆಯಿತು. ಯಾರು ಯಾರು ಕೈ ಎತ್ತಿದರು ಎಂದು ನಾನು ನೋಡಿದೆ. ಕನ್ನಡದ 11 ಮನೆಗಳಲ್ಲಿ 8 ಮನೆಯವರ ಕೈ ಮೇಲಿತ್ತು.

ನಮ್ಮ ಕಡೆಯ ಒಬ್ಬ ಹುಡುಗ, ಒಳ್ಳೆಯ ಹುಡುಗನೇ, ನನ್ನ ಕಡೆ ತಿರುಗಿ ಹೇಳಿದ: “ಆಂಟಿ, ದೇವರು ಒಬ್ಬನೇ ಅಲ್ವಾ? ಆ ಕಲ್ಲಲ್ಲಿ ಏನಿದೆ?”

ತಮ್ಮಾ, ಈ ಪತ್ರ ಮೊದಲು ನಿನಗೇ.

ನಾನು ರಾಣೆಬೆನ್ನೂರು ಕಡೆಯ ಹಳ್ಳಿಯವಳು. ನಮ್ಮೂರಲ್ಲಿ ದೇವರು ಒಬ್ಬನೇ ಇರಲಿಲ್ಲ. ಊರ ಬಾಗಿಲಲ್ಲಿ ಹನುಮಪ್ಪ. ನಡುವೆ ದ್ಯಾಮವ್ವ. ಕೇರಿಯ ಕಡೆ ದುರ್ಗವ್ವ. ಕೆರೆಯ ಏರಿಯ ಮೇಲೆ ಗಂಗವ್ವ. ಹೊಲದಲ್ಲಿ ಭರಮಪ್ಪ. ಹುತ್ತದಲ್ಲಿ ನಾಗಪ್ಪ. ನಮ್ಮ ಮನೆದೇವರು ಮೈಲಾರಲಿಂಗ. ಒಬ್ಬೊಬ್ಬರಿಗೂ ಒಂದೊಂದು ಜಾಗ, ಒಂದೊಂದು ಕೆಲಸ, ಒಂದೊಂದು ದಿನ. ಗಂಗವ್ವ ಇದ್ದಾಳೆ ಎಂದು ಕೆರೆಯ ಆ ಕಡೆ ಯಾರೂ ಹೊಲಸು ಮಾಡುತ್ತಿರಲಿಲ್ಲ. ಹುತ್ತಕ್ಕೆ ಗುದ್ದಲಿ ತಾಗಿಸುತ್ತಿರಲಿಲ್ಲ. ಶೀಗಿ ಹುಣ್ಣಿಮೆಗೆ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ, ಮೊದಲು ಬೆಳೆಯ ನಡುವೆ ಚರಗ ಚೆಲ್ಲಿ, ಆಮೇಲೆ ನಾವು ಉಣ್ಣುತ್ತಿದ್ದೆವು. ಭೂಮಿ ಬಸುರಿ, ಅವಳಿಗೆ ಬಯಕೆಯ ಊಟ ಎಂದು ಅವ್ವ ಹೇಳುತ್ತಿದ್ದಳು.

ಮದುವೆಯಾಗಿ 1988ರಲ್ಲಿ ಪುಣೆಗೆ ಬಂದಾಗ ನನಗೆ ಮರಾಠಿ ಬರುತ್ತಿರಲಿಲ್ಲ. ಯಜಮಾನರು ಬೆಳಗ್ಗೆ ಫ್ಯಾಕ್ಟರಿಗೆ ಹೋದರೆ ರಾತ್ರಿಯೇ ಬರುವುದು. ಒಂದು ಅಮಾವಾಸ್ಯೆಯ ದಿನ ಪಕ್ಕದ ಮನೆಯ ಆಜಿ ಕೈ ಹಿಡಿದು ಹೊರಗೆ ಕರೆದುಕೊಂಡು ಹೋದರು. ನಾಲ್ಕು ದಾರಿ ಕೂಡುವಲ್ಲಿ ಒಂದು ಕೆಂಪು ಕಲ್ಲು. ಅದರ ಮುಂದೆ ನಿಂಬೆಹಣ್ಣು, ಒಡೆದ ತೆಂಗಿನಕಾಯಿ. ಆಜಿ “ಮ್ಹಸೋಬಾ” ಎಂದರು. ನಾನು “ಭರಮಪ್ಪ” ಎಂದೆ. ಇಬ್ಬರೂ ಕೈ ಮುಗಿದೆವು. ಈ ಊರಲ್ಲಿ ನನಗೆ ಮೊದಲು ಅರ್ಥವಾದ ವಾಕ್ಯ ಅದೇ. ಆಜಿ ಹೇಳಿದ್ದು ತಪ್ಪು ಎಂದು ನನಗೆ ಅನ್ನಿಸಲಿಲ್ಲ. ನಾನು ಹೇಳಿದ್ದು ತಪ್ಪು ಎಂದು ಆಜಿಗೂ ಅನ್ನಿಸಲಿಲ್ಲ.

ಅದೇ ವರ್ಷ ಅವರು ನನ್ನನ್ನು ಜೇಜುರಿಗೂ ಕರೆದುಕೊಂಡು ಹೋದರು. ಪುಣೆಯಿಂದ ಸುಮಾರು 50 ಕಿಲೋಮೀಟರ್. ಗುಡ್ಡದ ಮೆಟ್ಟಿಲು, ಕಲ್ಲಿನ ದೀಪಮಾಲೆಗಳು, ಗಾಳಿಯೆಲ್ಲಾ ಅರಿಶಿನ. ಜನ ಭಂಡಾರ ತೂರುತ್ತಾ ಕೂಗುತ್ತಿದ್ದರು: “ಯೇಳಕೋಟ ಯೇಳಕೋಟ ಜಯ ಮಲ್ಹಾರ!” ನಾನು ಮೆಟ್ಟಿಲ ಮೇಲೆ ನಿಂತು ಅತ್ತುಬಿಟ್ಟೆ. ಇದು ನಮ್ಮ “ಏಳುಕೋಟಿ ಏಳುಕೋಟಿಗೋ” ಅಲ್ವಾ! ಸಾವಿರಾರು ಮರಾಠಿ ಬಾಯಿಗಳಲ್ಲಿ ನಮ್ಮ ಏಳು. ನನ್ನ ಮನೆದೇವರು ನನಗಿಂತ ನೂರಾರು ವರ್ಷ ಮೊದಲೇ ಇಲ್ಲಿಗೆ ಬಂದು ಗುಡ್ಡದ ಮೇಲೆ ಕೂತಿದ್ದ. ಇಲ್ಲಿ ಅವನ ಹೆಸರು ಖಂಡೋಬಾ. ನಮ್ಮಲ್ಲಿ ಗಂಗಿಮಾಳವ್ವ, ಕುರುಬತ್ತೆವ್ವ ಅವನ ಹೆಂಡಂದಿರು. ಇಲ್ಲಿ ಮ್ಹಾಳಸಾ, ಬಾಣಾಯಿ. ಮ್ಹಾಳಸಾ ಲಿಂಗಾಯತ ವ್ಯಾಪಾರಿಯ ಮಗಳು, ಬಾಣಾಯಿ ಕುರಿ ಕಾಯುವ ಧನಗರರ ಹುಡುಗಿ ಎಂದು ಕಥೆ. ಮುಸಲ್ಮಾನ ಭಕ್ತರು ಅವನನ್ನೇ ಮಲ್ಲೂಖಾನ್ ಎನ್ನುತ್ತಾರೆ. ಅವನ ಕೈಯಲ್ಲಿ ಸೋತ ಮಣಿ ಎಂಬ ರಾಕ್ಷಸನಿಗೂ ಅದೇ ಗುಡ್ಡದಲ್ಲಿ ಜಾಗವಿದೆ, ಪೂಜೆಯಿದೆ.

ಈ ಕೊನೆಯ ಮಾತನ್ನು ನಾನು ಬಹಳ ಸಲ ಯೋಚಿಸಿದ್ದೇನೆ. ಸೋತವನಿಗೂ ಜಾಗ. ನಮ್ಮ ಗೇಟಿನ ಮ್ಹಸೋಬಾನನ್ನೇ ನೋಡಿ. ಮ್ಹೈಸ ಎಂದರೆ ಎಮ್ಮೆ. ಮ್ಹಸೋಬಾ ಕೋಣದ ದೇವರು. ದೊಡ್ಡ ಗುಡಿಯಲ್ಲಿ ದೇವಿ ಕೋಣಾಸುರನನ್ನು ಕೊಂದ ಕಥೆ ಹೇಳುತ್ತಾರೆ. ಹೊಲದಲ್ಲಿ ರೈತ ಅದೇ ಕೋಣನಿಗೆ ಎಣ್ಣೆ ಸಿಂಧೂರ ಹಚ್ಚಿ, ಬೆಳೆ ಕಾಯಪ್ಪ ಎನ್ನುತ್ತಾನೆ. ನವರಾತ್ರಿಯಲ್ಲಿ ದೇವಿಗೂ ಅವನೇ ಘಟ ಇಡುತ್ತಾನೆ. ಎರಡರಲ್ಲಿ ಒಂದನ್ನು ಬಿಡು ಎಂದು ಯಾರೂ ಅವನಿಗೆ ಹೇಳಲಿಲ್ಲ. ಇವತ್ತು ನಮ್ಮ ಮಕ್ಕಳು ಬೆಳೆಯುತ್ತಿರುವ ಜಗತ್ತಿನಲ್ಲಿ ದಿನಾ ಒಂದೇ ಪ್ರಶ್ನೆ: ನೀನು ಈ ಕಡೆಯೋ ಆ ಕಡೆಯೋ? ಹಲವು ದೇವರುಗಳ ನಡುವೆ ಬೆಳೆದ ಮಗುವಿಗೆ ಈ ಪ್ರಶ್ನೆ ವಿಚಿತ್ರ ಅನ್ನಿಸುತ್ತದೆ. ಅದಕ್ಕೆ ಬೇಕಾಗುವುದು, ಇದು ಯಾರ ಜಾಗ, ಇಲ್ಲಿ ಚಪ್ಪಲಿ ಬಿಡಬೇಕೋ ಬೇಡವೋ ಎಂಬುದು ಮಾತ್ರ.

ಪ್ರಪಂಚದಲ್ಲಿ ಎಷ್ಟೋ ಕಡೆ ಜನ ಇದನ್ನು ಕಳೆದುಕೊಂಡು ಈಗ ಹುಡುಕುತ್ತಿದ್ದಾರೆ. ನನ್ನ ಮಗಳು ಕೆಲಸಕ್ಕೆ ಯುರೋಪಿಗೆ ಹೋದ ಮೇಲೆ ಇದನ್ನೆಲ್ಲ ಓದಲು ಶುರು ಮಾಡಿದೆ. ಲಿಥುವೇನಿಯಾ ಎಂಬ ಸಣ್ಣ ದೇಶವಿದೆ. ಯುರೋಪಿನಲ್ಲಿ ಎಲ್ಲರಿಗಿಂತ ಕೊನೆಗೆ, 1387ರಲ್ಲಿ, ಕ್ರೈಸ್ತವಾದ ದೇಶ ಅದು. ಅಲ್ಲಿಯವರೆಗೆ ಓಕ್ ಮರ, ಬೆಂಕಿ, ಗುಡುಗಿನ ದೇವರು ಪೆರ್ಕೂನಾಸ್, ಇವರೇ ಅವರ ದೇವರುಗಳು. ಅವರ ಭಾಷೆಯಲ್ಲಿ ದೇವರಿಗೆ ‘ದಿಯೇವಸ್’, ಬೆಂಕಿಗೆ ‘ಉಗ್ನಿಸ್’. ಅಗ್ನಿ ಕೇಳಿಸಿತಾ? ಮನೆಯ ಹತ್ತಿರ ಇರುವ ಹುಲ್ಲುಹಾವನ್ನು ಅವರು ಹೊಡೆಯುತ್ತಿರಲಿಲ್ಲ, ಹಾಲು ಇಡುತ್ತಿದ್ದರು. ಇದನ್ನು ಓದಿದ ದಿನ ನಮ್ಮೂರ ಹುತ್ತ, ನಾಗರಪಂಚಮಿಯ ಜೋಕಾಲಿ ಎಲ್ಲಾ ಕಣ್ಣ ಮುಂದೆ ಬಂತು. ಈಗ ರೋಮುವಾ ಎಂಬ ಹೆಸರಿನಲ್ಲಿ ಅಲ್ಲಿಯ ಜನ ಹಳೆಯ ಪೂಜೆಯನ್ನು ಮತ್ತೆ ಕಟ್ಟಿದ್ದಾರೆ. ಅಜ್ಜಿಯರ ಹಾಡುಗಳಲ್ಲಿ ಉಳಿದಿದ್ದನ್ನು ಹೆಕ್ಕಿ ಹೆಕ್ಕಿ ಕಟ್ಟಿದ್ದಾರೆ. ಸರಕಾರದ ಮಾನ್ಯತೆಗಾಗಿ ಯುರೋಪಿನ ಮಾನವ ಹಕ್ಕುಗಳ ಕೋರ್ಟಿನವರೆಗೆ ಹೋದರು. ಕೊನೆಗೆ 2024ರ ಡಿಸೆಂಬರ್‌ನಲ್ಲಿ ಅವರ ಸಂಸತ್ತು ಒಪ್ಪಿತು. ಐಸ್‌ಲ್ಯಾಂಡ್‌ನಲ್ಲಿ 1972ರಲ್ಲಿ ಕೆಲವರು ಸೇರಿ ಥಾರ್, ಓಡಿನ್ ಮೊದಲಾದ ಹಳೆಯ ದೇವರುಗಳ ಸಂಘ ಕಟ್ಟಿದರು. ಅವರ ಮುಂದಾಳು ಒಬ್ಬ ರೈತ, ಕವಿ. ಮರುವರ್ಷವೇ ಅವರಿಗೆ ಮಾನ್ಯತೆ ಸಿಕ್ಕಿತು. ಗ್ರೀಸ್‌ನಲ್ಲಿ 2017ರಲ್ಲಿ.

ಆರುನೂರು, ಸಾವಿರ, ಸಾವಿರದೈನೂರು ವರ್ಷಗಳ ಹಿಂದೆ ನಿಂತುಹೋದದ್ದನ್ನು ಅವರು ಪುಸ್ತಕದ ಚೂರು, ಹಾಡಿನ ಚೂರು ಹಿಡಿದು ಎಬ್ಬಿಸುತ್ತಿದ್ದಾರೆ. ನಮ್ಮದು ಇನ್ನೂ ನಿಂತಿಲ್ಲ. ಹಿಂದಿನ ಗೇಟಿನ ಹತ್ತಿರ ಬಿಸಿಲಲ್ಲಿ ಕೂತಿದೆ. ಮನೆಗೆಲಸದ ತಾಯಂದಿರು ಬೆಳಗ್ಗೆ ಬರುವಾಗ ಒಂದು ಕ್ಷಣ ನಿಂತು ಮುಟ್ಟಿ ಬರುತ್ತಾರೆ. ಅದನ್ನು ನಾವು ನದಿಗೆ ಬಿಡುತ್ತೇವೆ ಎನ್ನುತ್ತೇವಲ್ಲ!

ರೋಮ್‌ನ ಒಂದು ಕಥೆ ಹೇಳುತ್ತೇನೆ. ನಮ್ಮ ಸೊಸೈಟಿಗೇ ಹೇಳಿದಂತಿದೆ. ಹಳೇ ರೋಮ್‌ನಲ್ಲಿ ಟರ್ಮಿನಸ್ ಎಂಬ ದೇವರಿದ್ದ. ನಮ್ಮ ರೈಲ್ವೆ ಟರ್ಮಿನಸ್ ಇದೆಯಲ್ಲ, ಆ ಪದವೇ. ಅವನು ಗಡಿಕಲ್ಲಿನ ದೇವರು. ಹೊಲ ಹೊಲದ ನಡುವೆ ನೆಟ್ಟ ಕಲ್ಲೇ ಅವನು. ವರ್ಷಕ್ಕೊಮ್ಮೆ, ಫೆಬ್ರವರಿ 23ರಂದು ಅವನ ಹಬ್ಬ. ಆ ಹೊಲದವನು ಆ ಕಡೆಯಿಂದ, ಈ ಹೊಲದವನು ಈ ಕಡೆಯಿಂದ ಬಂದು ಒಂದೇ ಕಲ್ಲಿಗೆ ಹಾರ ಹಾಕಿ, ರೊಟ್ಟಿ ಇಟ್ಟು, ಕೂತು ಉಣ್ಣುತ್ತಿದ್ದರು. ಜಗಳ ಹುಟ್ಟುವ ಜಾಗದಲ್ಲೇ ಊಟ. ಮುಂದೆ ರೋಮ್‌ನ ರಾಜ ಗುಡ್ಡದ ಮೇಲೆ ಜೂಪಿಟರ್‌ನ ದೊಡ್ಡ ಗುಡಿ ಕಟ್ಟಲು ಹೊರಟ. ಆ ಜಾಗದಲ್ಲಿ ಸಣ್ಣ ಸಣ್ಣ ದೇವರುಗಳ ಪೂಜಾಸ್ಥಳ ಬಹಳ ಇದ್ದವು. ಶಕುನ ಕೇಳಿದರು. ಬೇರೆ ದೇವರುಗಳು ಜಾಗ ಬಿಟ್ಟವು. ಟರ್ಮಿನಸ್ ಬಿಡಲಿಲ್ಲ. ಆಗ ರೋಮ್‌ನವರು ಏನು ಮಾಡಿದರು? ಕಲ್ಲನ್ನು ಕೀಳಲಿಲ್ಲ. ದೇವರಾಜನ ಗುಡಿಯನ್ನು ಆ ಕಲ್ಲಿನ ಸುತ್ತಲೇ ಕಟ್ಟಿದರು. ಆ ದೇವರಿಗೆ ತಲೆಯ ಮೇಲೆ ಆಕಾಶವೇ ಬೇಕು ಎಂದು ಕಲ್ಲಿನ ನೇರಕ್ಕೆ ಚಾವಣಿಯಲ್ಲಿ ಒಂದು ತೂತು ಬಿಟ್ಟರು.

ಗುಡಿಗೆ ಚಾವಣಿ ಇಲ್ಲದಿದ್ದರೆ ದೇವರಿಗೆ ಅವಮಾನ ಎಂದು ಸಭೆಯಲ್ಲಿ ಯಾರೋ ಹೇಳಿದರು. ಹಾಗಲ್ಲ. ಶನಿ ಶಿಂಗಣಾಪುರಕ್ಕೆ ನೀವೆಲ್ಲ ಹೋಗಿದ್ದೀರಿ. ಶನಿದೇವರ ಕಲ್ಲು ಬಯಲಲ್ಲೇ, ಕಟ್ಟೆಯ ಮೇಲೆ ನಿಂತಿದೆ. ನಮ್ಮ ಬೆಳ್ತಂಗಡಿ ತಾಲ್ಲೂಕಿನ ಸೌತಡ್ಕದ ಗಣಪನಿಗೂ ಗುಡಿಯಿಲ್ಲ. ಬಯಲಲ್ಲಿ ಕೂತಿದ್ದಾನೆ, ಸುತ್ತ ಗಂಟೆಗಳ ಸಾಲು. ಈ ದೇವರುಗಳಿಗೆ ಗೋಡೆ ಬೇಡ, ಬೀಗ ಬೇಡ, ದರ್ಶನದ ಟೈಮ್ ಬೇಡ. ನಮ್ಮ ಸೊಸೈಟಿಯಲ್ಲಿ ವಾಚ್‌ಮನ್ ಮತ್ತು ಚೇರ್ಮನ್ ಒಂದೇ ಸಾಲಿನಲ್ಲಿ ನಿಲ್ಲುವ ಜಾಗ ಎಲ್ಲಿದೆ ಹೇಳಿ? ಕ್ಲಬ್‌ಹೌಸ್‌ನಲ್ಲಿ ಇಲ್ಲ. ಲಿಫ್ಟ್‌ನಲ್ಲೂ ಇಲ್ಲ, ಅವರಿಗೆ ಬೇರೆ ಲಿಫ್ಟ್. ಆ ಅತ್ತಿಯ ಬುಡದಲ್ಲಿ ಮಾತ್ರ ಇದೆ. ಮಾರ್ಬಲ್ ಗುಡಿ ಬಂದ ಮೇಲೆ ಗ್ರಿಲ್ ಬರುತ್ತದೆ. ಗ್ರಿಲ್ ಬಂದ ಮೇಲೆ ಕೀಲಿ. ಕೀಲಿ ಯಾರ ಕೈಯಲ್ಲಿ ಇರುತ್ತದೆ ಎಂದು ನನಗಿಂತ ಚೆನ್ನಾಗಿ ನಿಮಗೇ ಗೊತ್ತು.

ಜಾಗದ ಮಾತು ಇನ್ನೂ ಸ್ವಲ್ಪ ಹೇಳಬೇಕು. ಡಿ. ಡಿ. ಕೋಸಂಬಿಯವರ ಹೆಸರು ಕೇಳಿರುತ್ತೀರಿ. ಗೋವಾದಲ್ಲಿ ಹುಟ್ಟಿದವರು, ಪುಣೆಯಲ್ಲಿ ಬದುಕಿದವರು, ದೊಡ್ಡ ಗಣಿತಜ್ಞರು. ಪೂಜೆ ಪುನಸ್ಕಾರದವರಲ್ಲ, ಮಾರ್ಕ್ಸ್‌ವಾದಿ. ಆದರೂ ಇಂಥ ಸಿಂಧೂರದ ಕಲ್ಲುಗಳನ್ನು ಹುಡುಕಿಕೊಂಡು ಅವರು ಪುಣೆಯ ಸುತ್ತಮುತ್ತ ನಡೆದು ನಡೆದು ತಿರುಗಿದರು. ಎಷ್ಟೋ ತಾಯಿದೇವರುಗಳ ಕಲ್ಲು ಹಳೆಯ ಕಾಲುದಾರಿಗಳು ಕೂಡುವ ಕಡೆ ಇದೆ ಎಂದು ತೋರಿಸಿದರು. ಅಂಥ ಜಾಗಗಳ ಸುತ್ತ ಅವರಿಗೆ ಶಿಲಾಯುಗದ ಸಣ್ಣ ಸಣ್ಣ ಚೂಪುಕಲ್ಲುಗಳು ಸಿಕ್ಕವು. ಅಂದರೆ ನೇಗಿಲು ಬರುವ ಮೊದಲೇ, ದನ ಅಟ್ಟಿಕೊಂಡು ಬಂದವರು ಅಲ್ಲಿ ನಿಂತಿದ್ದರು, ಕೂಡಿದ್ದರು. ಅಂಥ ಕಲ್ಲು ಎಲ್ಲಿದೆ ಎಂಬುದೇ ಅದರ ಅರ್ಧ ಕಥೆ. ಮುಂದಿನ ಗೇಟಿಗೆ ಸಾಗಿಸಿದರೆ ಕಲ್ಲು ಹೋಗುತ್ತದೆ, ಕಥೆ ಹೋಗುವುದಿಲ್ಲ. ಅದು ಅಲ್ಲೇ ಕಾಂಕ್ರೀಟ್ ಕೆಳಗೆ ಮುಚ್ಚಿಹೋಗುತ್ತದೆ.

ಮರದ ಮಾತೂ ಅಷ್ಟೇ. ಸಹ್ಯಾದ್ರಿಯಲ್ಲಿ ದೇವರಾಯಿಗಳಿವೆ, ಅಂದರೆ ದೇವರ ಹೆಸರಿನಲ್ಲಿ ಬಿಟ್ಟ ಕಾಡುಗಳು. ನಮ್ಮ ಕೊಡಗಿನಲ್ಲಿ ದೇವರಕಾಡು ಸಾವಿರಕ್ಕೂ ಜಾಸ್ತಿ ಇವೆ. 1970ರ ದಶಕದಲ್ಲಿ ಇದೇ ಪುಣೆಯ ವಿಜ್ಞಾನಿಗಳಾದ ಮಾಧವ ಗಾಡ್ಗೀಳ್ ಮತ್ತು ವಿ. ಡಿ. ವರ್ತಕ್ ಇಂಥ ಕಾಡುಗಳನ್ನು ತಿರುಗಿ ನೋಡಿ ಬರೆದರು. ಸುತ್ತಲಿನ ಗುಡ್ಡ ಬೋಳಾಗಿದ್ದರೂ ದೇವರ ಹೆಸರಿನ ನಾಲ್ಕು ಎಕರೆ ಹಾಗೇ ನಿಂತಿತ್ತು. ದೊಡ್ಡ ಮರಗಳು, ಹಕ್ಕಿಗಳು, ನೀರಿನ ಒರತೆ. ಕಾವಲುಗಾರ ಇರಲಿಲ್ಲ, ಬೇಲಿ ಇರಲಿಲ್ಲ. ಒಂದು ಸಣ್ಣ ದೇವರು ಇತ್ತು. ಆ ಕಾಡುಗಳು ಎಲ್ಲೆಲ್ಲಿ ಹಾಳಾದವು ಎಂದು ಓದಿದರೆ ಎದೆ ಹಿಂಡುತ್ತದೆ. ಎಷ್ಟೋ ಕಡೆ ಅದೇ ದೇವರಿಗೆ ದೊಡ್ಡ ಗುಡಿ ಕಟ್ಟಲು ಅದೇ ದೇವರ ಮರಗಳನ್ನು ಕಡಿದು ಮಾರಿದರು. ಕಾಡಿನ ತಾಯಿಗೆ ಊರಿನ ಹೆಸರು ಕೊಟ್ಟರು, ಸೀರೆ ಉಡಿಸಿದರು, ಸಿಮೆಂಟ್ ಹಾಕಿದರು. ಒರತೆ ಬತ್ತಿತು. ನಾವು ಸೊಸೈಟಿಯಲ್ಲಿ ಮಾಡಲು ಹೊರಟಿರುವುದು ಇದನ್ನೇ, ಒಂದು ಮರದ ಅಳತೆಯಲ್ಲಿ.

ಆ ಅತ್ತಿಯನ್ನು ನೀವು ನಿಂತು ನೋಡಿದ್ದೀರಾ? ಬೊಡ್ಡೆಗೇ ಕಾಯಿ ಕಚ್ಚುತ್ತದೆ. ಬೇಸಿಗೆಯಲ್ಲಿ ಸುತ್ತಲಿನ ಮರಗಳೆಲ್ಲಾ ಒಣಗಿ ನಿಂತಾಗಲೂ ಅದರಲ್ಲಿ ಹಣ್ಣಿರುತ್ತದೆ. ಕುಟ್ರು ಹಕ್ಕಿ, ಮೈನಾ, ರಾತ್ರಿ ಬಾವಲಿ. ಮಧ್ಯಾಹ್ನ ಡೆಲಿವರಿ ಹುಡುಗರು ಬೈಕ್ ನಿಲ್ಲಿಸಿ ಅದರ ನೆರಳಲ್ಲೇ ಡಬ್ಬಿ ಬಿಚ್ಚುತ್ತಾರೆ. ಅಲ್ಲಿ ದೇವರಿದೆ ಎಂದೇ ಮರ ಇಷ್ಟು ವರ್ಷ ಉಳಿಯಿತು. ಇಲ್ಲದಿದ್ದರೆ ಬಿಲ್ಡರ್ ಮೊದಲ ದಿನವೇ ತೆಗೆಯುತ್ತಿದ್ದ. ಕಾನೂನಿನ ಮಾತೂ ಹೇಳಿಬಿಡುತ್ತೇನೆ. ಮಹಾರಾಷ್ಟ್ರದ ಊರುಗಳಲ್ಲಿ ಮರ ಕಡಿಯಲು 1975ರ ಕಾಯ್ದೆಯಂತೆ ವೃಕ್ಷ ಪ್ರಾಧಿಕರಣದ ಅನುಮತಿ ಬೇಕು. ಅದನ್ನು ಕೇಳದೆ ಠರಾವು ಮಾಡಿದ್ದೇವೆ.

ಈಗ ಆ ಹುಡುಗನ ಪ್ರಶ್ನೆಗೆ ಮತ್ತೆ ಬರುತ್ತೇನೆ. ದೇವರು ಒಬ್ಬನೇ ಅಲ್ವಾ ಎಂದೆಯಲ್ಲ. ಇರಬಹುದು ತಮ್ಮಾ. ಅದನ್ನು ತೀರ್ಮಾನ ಮಾಡುವಷ್ಟು ನಾನು ದೊಡ್ಡವಳಲ್ಲ. ಆದರೆ ಒಬ್ಬನೇ ಎಂದರೆ ಏನಾಗುತ್ತದೆ ಎಂದು ನಮ್ಮೂರ ಹೆಂಗಸರು ಒಂದು ಕಥೆಯಲ್ಲಿ ಹೇಳುತ್ತಿದ್ದರು. ಜೋಕುಮಾರನ ಕಥೆ. ಭಾದ್ರಪದದಲ್ಲಿ ಮೊದಲು ಗಣಪ ಭೂಮಿಗೆ ಬರುತ್ತಾನೆ. ಎಲ್ಲರೂ ಕಡುಬು, ಮೋದಕ ಮಾಡಿ ಹಾಕುತ್ತಾರೆ. ಉಂಡು ಕೈಲಾಸಕ್ಕೆ ಹೋಗಿ, ಅಪ್ಪಾ, ಜನ ಸುಖವಾಗಿದ್ದಾರೆ ಎಂದು ಹೇಳುತ್ತಾನೆ. ಅವನು ಹೋದ ಮೇಲೆ ಜೋಕುಮಾರ ಬರುತ್ತಾನೆ. ಅಂಬಿಗರ ಹೆಂಗಸರು ಅವನನ್ನು ಬುಟ್ಟಿಯಲ್ಲಿ ಹೊತ್ತು, ಬೇವಿನ ಸೊಪ್ಪು ಇಟ್ಟು, ಹಾಡುತ್ತಾ ಮನೆ ಮನೆ ತಿರುಗುತ್ತಾರೆ. ಏಳೇ ದಿನದ ಆಯುಸ್ಸು. ಅವನು ಬಿರಿದ ಹೊಲ ನೋಡುತ್ತಾನೆ, ಬರಿದಾದ ಕಣಜ ನೋಡುತ್ತಾನೆ. ಹೋಗಿ ಶಿವನಿಗೆ ಇದ್ದದ್ದು ಇದ್ದ ಹಾಗೆ ಹೇಳುತ್ತಾನೆ. ಆಗ ಮಳೆ ಬರುತ್ತದೆ.

ಗಣಪ ಸುಳ್ಳು ಹೇಳಲಿಲ್ಲ. ಅವನಿಗೆ ಕಂಡದ್ದನ್ನು ಹೇಳಿದ. ಅವನಿಗೆ ಕಾಣದ್ದನ್ನು ನೋಡಲು ಇನ್ನೊಬ್ಬ ಬೇಕಾಯಿತು. ಪುಣೆಯಲ್ಲಿ ನಾವು ಗಣೇಶೋತ್ಸವ ಎಷ್ಟು ಜೋರಾಗಿ ಮಾಡುತ್ತೇವೆ! ಜೋಕುಮಾರನನ್ನು ಎಷ್ಟು ಜನರ ಮಕ್ಕಳು ಬಲ್ಲರು? ವಿಸರ್ಜನೆ ಮುಗಿದ ಮೇಲೆ ಬರಿ ಹೊಟ್ಟೆಯವರ ಸುದ್ದಿ ತೆಗೆದುಕೊಂಡು ಹೋಗುವ ದೇವರು ನಮ್ಮ ಮನೆಗಳಲ್ಲಿ ಇಲ್ಲವೇ ಇಲ್ಲ. ಈ ದೇವರನ್ನು ಮತ್ತೆ ಕರೆತರೋಣ ಎನ್ನುವುದು ನನ್ನ ಆಸೆ. ಬುಟ್ಟಿ ಹೊರಲು ನಾನೇ ಸಿದ್ಧ.

ಇನ್ನೊಂದು ಉಪಕಾರ ನನ್ನ ಅನುಭವದ್ದು. ಸಣ್ಣ ದೇವರ ಜೊತೆ ಮಾತಾಡಬಹುದು. ಒಂದು ವರ್ಷ ಮಳೆ ಕೈಕೊಟ್ಟಾಗ ಅವ್ವ ಹೊಲದಲ್ಲಿ ಭರಮಪ್ಪನ ಮುಂದೆ ನಿಂತು ಬೈದದ್ದು ನನಗೆ ನೆನಪಿದೆ. “ನಿನಗೆ ಎಡಿ ಇಟ್ಟಿಲ್ಲೇನು? ಕಣ್ಣಿಲ್ಲೇನು ನಿನಗೆ?” ಬೈದು, ಅತ್ತು, ಸೆರಗಿನಿಂದ ಕಲ್ಲಿನ ಧೂಳು ಒರೆಸಿ ಮನೆಗೆ ಬಂದಳು. ಬಂದ ಮೇಲೆ ರೊಟ್ಟಿ ಬಡಿದಳು. ಯಜಮಾನರು ತೀರಿಕೊಂಡ ವರ್ಷ ನಾನೂ ಆ ಅತ್ತಿಯ ಬುಡಕ್ಕೆ ಹೋಗಿ ಹಾಗೇ ಬೈದಿದ್ದೇನೆ. ರಾತ್ರಿ 10 ಗಂಟೆಗೆ, ಕನ್ನಡದಲ್ಲಿ. ಲೋಕವನ್ನೆಲ್ಲ ಆಳುವ ದೊಡ್ಡ ದೇವರ ಮುಂದೆ ನನಗೆ ಹಾಗೆ ಬಾಯಿ ಬರುತ್ತಿರಲಿಲ್ಲ. ಈ ದೇವರಿಗೆ ನಮ್ಮ ಸೊಸೈಟಿ ಬಿಟ್ಟು ಬೇರೆ ಲೋಕ ಇಲ್ಲ. ನನ್ನ ಮಾತು ಕೇಳಲು ಪುರುಸೊತ್ತಿದೆ ಎಂದು ಅನ್ನಿಸಿತು. ಒಂಟಿತನಕ್ಕೆ ಇವತ್ತು ಎಷ್ಟು ಜನ ಗುಳಿಗೆ ತಿನ್ನುತ್ತಿದ್ದಾರೆ. ಡಾಕ್ಟರು ಬೇಡ ಎಂದು ನಾನು ಹೇಳುತ್ತಿಲ್ಲ. ನಾನೂ ಹೋಗಿದ್ದೇನೆ. ಆದರೆ ಮನೆಯಿಂದ 50 ಹೆಜ್ಜೆ ದೂರದಲ್ಲಿ ಕೇಳುವ ಒಂದು ಕಿವಿ ಇತ್ತು ಎಂಬುದೂ ನಿಜ.

ನಿಮ್ಮಲ್ಲಿ ಕೆಲವರು ಕೇಳುತ್ತೀರಿ: ಅಕ್ಕಾ, ಶರಣರು ಇದನ್ನೆಲ್ಲ ಬೇಡ ಎಂದರಲ್ಲ? ಎಲ್ಲೆಲ್ಲೂ ದೈವ ಎನ್ನುವವರನ್ನು ಬಸವಣ್ಣನವರು ಛೇಡಿಸಿದರಲ್ಲ? ಹೌದು. ಈ ಮಾತು ನನ್ನನ್ನೂ ಬಹಳ ಕಾಡಿದೆ. ಹೆದರಿಸಿ ಕಾಸು ಕೀಳುವ ದೈವ, ಕುರಿ ಕೇಳುವ ದೈವ, ಜಾತಿ ನೋಡಿ ಒಳಗೆ ಬಿಡುವ ದೈವ ಬೇಡ ಎಂದರೆ ನಾನು ಶರಣರ ಕಾಲಿಗೆ ಬೀಳುತ್ತೇನೆ. ಹಳೆಯದೆಲ್ಲಾ ಚಿನ್ನವಲ್ಲ. ಸವದತ್ತಿ ಎಲ್ಲಮ್ಮನ ಹೆಸರಿನಲ್ಲಿ ಹೆಣ್ಣುಮಕ್ಕಳ ಕೊರಳಿಗೆ ಮುತ್ತು ಕಟ್ಟಿದರು. ಜೇಜುರಿಯಲ್ಲಿ ಹೆಣ್ಣುಮಕ್ಕಳನ್ನು ಖಂಡೋಬಾನಿಗೆ ಮುರಳಿಯರೆಂದು ಬಿಟ್ಟರು. ಇದನ್ನು ತಡೆಯಲು ಕರ್ನಾಟಕ 1982ರಲ್ಲಿ ಕಾನೂನು ಮಾಡಬೇಕಾಯಿತು. ಆ ತಾಯಂದಿರ ಕಣ್ಣೀರಿಗೆ ಯಾವ ಜಾತ್ರೆಯ ಚೆಲುವೂ ಉತ್ತರವಲ್ಲ. ನಾವು ಇರುವುದು ಮೂಢನಂಬಿಕೆಯ ವಿರುದ್ಧ ಹೋರಾಡಿದ ನರೇಂದ್ರ ದಾಭೋಲ್ಕರ್ ಅವರು ಜೀವ ತೆತ್ತ ಊರಿನಲ್ಲಿ. 2013ರ ಆಗಸ್ಟ್ 20ರಂದು ಬೆಳಗಿನ ವಾಕಿಂಗ್‌ಗೆ ಹೋದ ಅವರನ್ನು ಇದೇ ಊರಿನ ಸೇತುವೆಯ ಮೇಲೆ ಗುಂಡಿಟ್ಟು ಕೊಂದರು. ಅವರು ಕೇಳಿದ ಕಾನೂನು ಅವರು ಹೋದ ಮೇಲೆ ಬಂತು. ಅದು ನಮಗೆ ಬೇಕು. ಭೂತ ಬಿಡಿಸುತ್ತೇನೆ ಎಂದು ಹೊಡೆಯುವವನು, ನಿಧಿಗೆ ಬಲಿ ಕೊಡುವವನು, ಇವರು ನನ್ನ ದೇವರುಗಳಿಗೂ ಶತ್ರುಗಳೇ.

ಹಾಗಾಗಿ ಮತ್ತೆ ಜೀವ ಕೊಡೋಣ ಎಂದಾಗ ನಾನು ಕೇಳುತ್ತಿರುವುದು ಎಲ್ಲವನ್ನೂ ಅಲ್ಲ. ಜಾಗಕ್ಕೆ ಕೈ ಮುಗಿಯುವುದು, ಕೆರೆಗೆ ಮರಕ್ಕೆ ಹೊಸ್ತಿಲಿಗೆ ಕೃತಜ್ಞತೆ ಹೇಳುವುದು, ಇನ್ನೊಬ್ಬರ ದೇವರಿಗೆ ಜಾಗ ಬಿಡುವುದು. ಇಷ್ಟು ಬೇಕು. ರಕ್ತ ಬೇಡ, ಹೆದರಿಕೆ ಬೇಡ, ಮೇಲು ಕೀಳು ಬೇಡ.

ಜಾಗ ಬಿಡುವುದು ಎಂದೆ. ಗೋವಾದ ಜನ ಅದನ್ನು ಬಹಳ ಚೆನ್ನಾಗಿ ಬಲ್ಲರು. ಪೋರ್ತುಗೀಸರ ಕಾಲದಲ್ಲಿ, 16ನೇ ಶತಮಾನದಲ್ಲಿ, ತಿಸವಾಡಿ, ಬಾರ್ದೇಸ್, ಸಾಷ್ಟಿಯ ಗುಡಿಗಳು ಬಿದ್ದವು. ಜನ ದೇವರನ್ನು ಹೊತ್ತುಕೊಂಡು ಹೊಳೆ ದಾಟಿದರು. ಮಂಗೇಶ ಕುಶಸ್ಥಳಿಯಿಂದ ಪ್ರಿಯೋಳಕ್ಕೆ ಬಂದ. ಶಾಂತಾದುರ್ಗೆ ಕೇಳೋಶಿಯಿಂದ ಕವಳೆಗೆ. ಮ್ಹಾಳಸಾ ವೆರ್ಣೆಯಿಂದ ಮಾರ್ದೋಳಕ್ಕೆ. ಇಷ್ಟು ನೋವು ತಿಂದ ನಾಡು ಅದು. ಆದರೂ ಇವತ್ತು ಶಿರಗಾಂವ್‌ನ ಲಯರಾಯಿ ದೇವಿಗೂ ಮ್ಹಾಪಶೆಯ (ಮಾಪುಸಾ) ಚರ್ಚಿನ ಮಿಲಾಗ್ರಿಸ್ ಸಾಯಬಿಣಿಗೂ, ಅಂದರೆ ಮೇರಿ ಮಾತೆಗೂ, ಅಕ್ಕ-ತಂಗಿಯರ ಸಂಬಂಧ. ಹಬ್ಬಕ್ಕೆ ಒಬ್ಬರ ಕಡೆಯಿಂದ ಇನ್ನೊಬ್ಬರ ಕಡೆಗೆ ಎಣ್ಣೆ, ಹೂವು ಹೋಗುವ ಪದ್ಧತಿ ಇದೆ ಎನ್ನುತ್ತಾರೆ.  ಏಳು ಜನ ಅಕ್ಕ-ತಂಗಿಯರು, ಒಬ್ಬಳು ಆ ಮನೆಗೆ ಸೇರಿದಳು ಅಷ್ಟೇ ಎಂದು ಜನ ಹೇಳುತ್ತಾರೆ. ಈಸ್ಟರ್ ಆದ ಮೇಲೆ ಬರುವ ಸಾಯಬಿಣಿಯ ಹಬ್ಬಕ್ಕೆ ನಾನು ಒಮ್ಮೆ ಹೋಗಿದ್ದೆ. ಕುಂಕುಮ ಇಟ್ಟ ಹೆಂಗಸರು ಎಣ್ಣೆಯ ಬಾಟಲಿ ಹಿಡಿದು ಸಾಲಿನಲ್ಲಿ ನಿಂತಿದ್ದರು. ನನ್ನ ಹತ್ತಿರ ಎಣ್ಣೆ ಇರಲಿಲ್ಲ. ಮುಂದಿದ್ದವಳು ತನ್ನ ಬಾಟಲಿಯಿಂದ ಸ್ವಲ್ಪ ನನ್ನ ಕೈಗೆ ಹನಿಸಿದಳು. ದೇವರುಗಳನ್ನು ನೆಂಟರು ಎಂದು ನೋಡುವ ಜನರಿಗೆ ಮಾತ್ರ ಇದು ಸಾಧ್ಯ. ಮುಂಬಯಿಗೆ ಆ ಹೆಸರು ಬಂದದ್ದೇ ಕೋಳಿ ಎಂಬ ಜನಾಂಗದವರ ಮುಂಬಾದೇವಿಯಿಂದ. ಅಷ್ಟು ದೊಡ್ಡ ಊರು ಮೀನು ಹಿಡಿಯುವವರ ಒಬ್ಬ ತಾಯಿಯ ಹೆಸರಿನಲ್ಲಿ ಬದುಕುತ್ತಿದೆ.

ನಾವು ಈ ಊರಿಗೆ ಬಂದವರು. ಉಂಡದ್ದು ಇಲ್ಲಿ, ಮಕ್ಕಳನ್ನು ಓದಿಸಿದ್ದು ಇಲ್ಲಿ. ಬಂದವರು ಮೊದಲು ಮಾಡಬೇಕಾದದ್ದು ಜಾಗದ ದೇವರಿಗೆ ಒಂದು ಕಾಯಿ ಒಡೆಯುವುದು. ನಮ್ಮ ಹಿರಿಯರು ಹೊಸ ಊರಿಗೆ ಹೋದರೆ ಹಾಗೇ ಮಾಡುತ್ತಿದ್ದರು. ನಾವು ಇಲ್ಲಿಯ ಹಳೆಯ ದೇವರನ್ನೇ ಎಬ್ಬಿಸಿ ಕಳಿಸಲು ಕೈ ಎತ್ತಿದೆವಲ್ಲ, ಆ ನೋವು ನನ್ನನ್ನು ಬಿಡುತ್ತಿಲ್ಲ.

ನನ್ನ ಕೇಳಿಕೆ ಹೀಗಿದೆ. ಮುಂದಿನ ಸಭೆಯಲ್ಲಿ ಠರಾವನ್ನು ಮತ್ತೆ ತೆಗೆಯಲು ನಾನು ಅರ್ಜಿ ಕೊಟ್ಟಿದ್ದೇನೆ. ಕನ್ನಡದ 11 ಮನೆಗಳ ಸಹಿ ಅದರ ಮೇಲೆ ಬೇಕು. ಮರಾಠಿ ಮನೆಗಳಿಗೆ ನಾನೇ ಹೋಗಿ ಕೇಳುತ್ತೇನೆ. ಕಲ್ಲು ಇದ್ದಲ್ಲೇ ಇರಲಿ, ಚಾವಣಿ ಬೇಡ. ಮರದ ಬುಡಕ್ಕೆ ಹಾಕಿದ ಪೇವರ್ ಬ್ಲಾಕ್ ತೆಗೆಸಿ ಮಣ್ಣು ತುಂಬಿಸೋಣ, ಖರ್ಚು ನಾನು ಕೊಡುತ್ತೇನೆ. ಎರಡು ಕಾರಿನ ಜಾಗ ಹೋಗುತ್ತದೆ. ನಮ್ಮ ಮನೆಯ ಪಾರ್ಕಿಂಗ್ ಖಾಲಿ ಇದೆ, ಅದನ್ನು ಬರೆದುಕೊಡುತ್ತೇನೆ. ಅಲ್ಲಿಗೆ ಒಂದು ಕಾರು ಆಯಿತು.

ಆ ಮಾರ್ಬಲ್ ಮೂರ್ತಿಗೆ ಎತ್ತಿಟ್ಟ ದುಡ್ಡಿನಲ್ಲಿ ಒಂದು ಬಸ್ ಮಾಡೋಣ. ಬರುವ ಚಂಪಾಷಷ್ಠಿಗೆ ಜೇಜುರಿ. ವಾಚ್‌ಮನ್ ಮನೆಯವರು, ಕೆಲಸದ ತಾಯಂದಿರು, ಎಲ್ಲರೂ ಬರಲಿ. ಚಾತುರ್ಮಾಸದಲ್ಲಿ ಬದನೆಕಾಯಿ ಬಿಟ್ಟವರು ಆವತ್ತೇ ಮತ್ತೆ ತಿನ್ನುವುದು. ಭರಿತ ನಾನು ಮಾಡುತ್ತೇನೆ, ಸಜ್ಜೆ ರೊಟ್ಟಿಗೆ ಕೈ ಜೋಡಿಸುವವರು ಹಿಂದಿನ ದಿನ ಸಂಜೆ ನಮ್ಮ ಮನೆಗೆ ಬನ್ನಿ. ಬೆಳಗ್ಗೆ 5ಕ್ಕೆ ಹಿಂದಿನ ಗೇಟಿನಿಂದ ಹೊರಡೋಣ. ಮಕ್ಕಳಿಗೆ ಸ್ವೆಟರ್ ಹಾಕಿ, ಹಳೆಯ ಬಟ್ಟೆಯೇ ಇರಲಿ, ಅರಿಶಿನದ ಕಲೆ ಬೇಗ ಹೋಗುವುದಿಲ್ಲ. ತಮ್ಮಾ, ನಿನಗೆ ಕಿಟಕಿಯ ಪಕ್ಕದ ಸೀಟು ಹಿಡಿದಿರುತ್ತೇನೆ.

ನಿಮ್ಮ ಅಕ್ಕ,
ಹಿಂದಿನ ಗೇಟಿನ ಕಡೆಯ ನೆಲಮಹಡಿಯ ಮನೆಯವಳು